ಎಣ್ಣೆ ಕುಡಿದ ಮರ

ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ 2017ರ ಫೆಬ್ರವರಿಯಲ್ಲಿ ಕಿಡಿಗೇಡಿಯೊಬ್ಬನು ಬೆಂಕಿಯಿಟ್ಟನು. ಆಷಾಢದಲ್ಲಿ ನವದಂಪತಿಗಳು ಹಣ್ಣು-ಜವನ ಎಸೆಯುವ ಆ ರಥಬೀದಿ ವರ್ಷಗಳ ಕಾಲ ತೇರಿಲ್ಲದೆ ಬಿಕೋ ಎಂದಿತು. 2022ರ ಜುಲೈಯಲ್ಲಿ ಹೊಸ ತೇರು ಬೀದಿಗಿಳಿದಾಗ ಎಲ್ಲರೂ ದೇವರಿಗೆ ಕೈಮುಗಿದರು. ಗುಂಪಿನಲ್ಲಿದ್ದ ಮುದುಕ ಆಚಾರಿಯ ಕಣ್ಣು ಮಾತ್ರ ಮೊದಲು ಮರದ ಮೇಲೆ ಹರಿಯಿತು. ಮಳೆ ಬಿಸಿಲಿಗೆ ನಿಲ್ಲುವ ಮರಕ್ಕೆ ವರ್ಷವರ್ಷವೂ ಆರೈಕೆ ಬೇಕೆಂಬುದು ಆತನ ಅನುಭವ.

ಆ ಅನುಭವಕ್ಕೆ ಆತ ತೆತ್ತ ಬೆಲೆ ಸಣ್ಣದಲ್ಲ. ಗುಂಡ್ಲುಪೇಟೆಗೆ ಕೊಟ್ಟ ಮಗಳ ಮನೆಯ ಬಾಗಿಲಿಗೆ ತೇಗದಲ್ಲಿ ಗಜಲಕ್ಷ್ಮಿಯನ್ನು ಕೆತ್ತಿ, ಹೊಳೆಯಲೆಂದು ಕೊಬ್ಬರಿ ಎಣ್ಣೆ ಬಳಿದಿದ್ದ. ಹಬ್ಬ ಹಬ್ಬಕ್ಕೂ ಮಗಳು ಅದನ್ನೇ ಸವರಿದಳು. ಕೊಬ್ಬರಿ, ಕಡಲೆಕಾಯಿ, ಹರಳು, ಈ ಎಣ್ಣೆಗಳು ಎಂದಿಗೂ ಒಣಗಿ ಗಟ್ಟಿಯಾಗುವುದಿಲ್ಲ. ಬೀದಿಯ ಧೂಳೆಲ್ಲ ಅಂಟಿ, ಕೆಲವೇ ವರ್ಷಗಳಲ್ಲಿ ದೇವಿಯ ಮುಖವೇ ಮಾಯವಾಯಿತು. "ಅಪ್ಪಾ, ಲಕ್ಷ್ಮಿ ನನ್ನ ಮನೆಯಲ್ಲಿ ಕಣ್ಣು ಬಿಡುತ್ತಿಲ್ಲ" ಎಂದಳು ಮಗಳು. ಆ ಮಾತು ಉಳಿಯೇಟಿಗಿಂತ ಹೆಚ್ಚಾಗಿ ನಾಟಿತು.

ತೇರು ಕಂಡ ವಾರವೇ ಆತ ಮೊಮ್ಮಗನೊಡನೆ ಗುಂಡ್ಲುಪೇಟೆಗೆ ಹೋದ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಕೊಳೆಯನ್ನು ಬಿಡಿಸಿ, ಮರ ಚೆನ್ನಾಗಿ ಒಣಗುವವರೆಗೆ ಕಾದ. ಬಳಿಕ ಕಾಯಿಸಿದ ಅಗಸೆ ಎಣ್ಣೆಗೆ ಸಮನಾಗಿ ಟರ್ಪೆಂಟೈನ್ ಬೆರೆಸಿ, ಮಡಿಕೆ ಮಡಿಕೆಗೂ ಕುಂಚದಿಂದ ತೆಳುವಾಗಿ ತಾಕಿಸಿದ. ಕಾಲು ಗಂಟೆಯ ಮೇಲೆ ಮರ ಕುಡಿಯದೆ ಉಳಿದುದನ್ನೆಲ್ಲ ಒರೆಸಿದ.

"ಇನ್ನೂ ಬಳಿದರೆ ಹೊಳಪು ಬರುತ್ತದಲ್ಲ, ತಾತ?" ಎಂದ ಹುಡುಗ.

"ಹೊಳಪಲ್ಲ ಕನ ಮಗ, ಅಂಟು ಬರುತ್ತದೆ. ಅಗಸೆ ಎಣ್ಣೆ ಗಾಳಿಯನ್ನು ಹೀರಿ ಗಟ್ಟಿಯಾಗಬೇಕು. ಒಂದು ಲೇಪ ಪೂರ್ತಿ ಒಣಗದೆ ಇನ್ನೊಂದನ್ನು ಹಾಕಬಾರದು."

ಒರೆಸಿದ ಬಟ್ಟೆಗಳನ್ನು ಹುಡುಗ ಮೂಲೆಗೆ ಮುದ್ದೆಮಾಡಿ ಎಸೆದ. ಮುದುಕ ಓಡಿಬಂದು ಎತ್ತಿಕೊಂಡ. ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ಹೊರದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. "ಒಂದು ತೇರು ಸುಟ್ಟದ್ದನ್ನು ನೋಡಿದ್ದು ಸಾಕು" ಎಂದು ಗೊಣಗುತ್ತ, ಒಂದೊಂದನ್ನೂ ಬಯಲಿನ ಬೇಲಿಯ ಮೇಲೆ ಬಿಡಿಸಿ ಹರವಿದ.

ಮೂರನೆಯ ಲೇಪ ಒಣಗಿದ ದಿನ ಮಗಳು ದೀಪ ಹಿಡಿದು ಬಾಗಿಲಿಗೆ ಬಂದಳು. ತೇಗದ ಹೊಂಬಣ್ಣದಲ್ಲಿ ಲಕ್ಷ್ಮಿಯ ರೆಪ್ಪೆಯ ಗೆರೆ ಕೂಡ ಕಾಣುತ್ತಿತ್ತು. ಆಕೆ ಏನೂ ಹೇಳಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಒಳಗೊಯ್ದು ತಲೆಬಾಚುವ ಹಣಿಗೆಯ ಪಕ್ಕದಲ್ಲಿಟ್ಟಳು.