ರಸ್ತೆ ಮೂಲೆಯಲ್ಲಿ ನಿಂತ ಹುಡುಗರು

ಒಡವೆ ಅಂಗಡಿಯಲ್ಲಿ ಚರ್ಮದ ಜಾಕೆಟ್ ತೊಟ್ಟ, ಗೂಳಿಯಂಥ ಹುಡುಗನೊಬ್ಬ ನಿಂತಿದ್ದಾನೆ. ಹೆಸರು ಸ್ಟ್ಯಾನ್ಲಿ. ಪಕ್ಕದಲ್ಲಿ ಅವನ ಹುಡುಗಿ ಫ್ರ್ಯಾನಿ, ಅವಳಿಗೆ ಬೆಂಬಲವಾಗಿ ಗೆಳತಿ ಆ್ಯನಿ. ತಾನು ಬಸುರಿ ಎಂದು ಫ್ರ್ಯಾನಿ ಹೇಳಿಬಿಟ್ಟಿದ್ದಾಳೆ, ಇನ್ನು ನಿಶ್ಚಿತಾರ್ಥದ ಉಂಗುರ ಕೊಡಿಸದೆ ವಿಧಿಯಿಲ್ಲ. ಅಂಗಡಿಯವನು ಮುಂದಿಟ್ಟ ಉಂಗುರಗಳಲ್ಲಿ ಹುಡುಗಿಯರ ಕಣ್ಣು ಬಿದ್ದದ್ದು ಕೈಗೆಟುಕದ ಬೆಲೆಯದರ ಮೇಲೆ. ಬೀದಿಯಲ್ಲಿ ಯಾರಿಗೂ ಜಗ್ಗದವನು ಇಬ್ಬರು ಹುಡುಗಿಯರ ಮಾತಿಗೆ ಸಿಕ್ಕಿ ಮೆತ್ತಗಾಗುತ್ತಾನೆ. ಅವರು ಅತ್ತ ಸರಿದದ್ದೇ ತಡ, ಅಂಗಡಿಯವನತ್ತ ಬಾಗಿ, ಇನ್ನೊಮ್ಮೆ ನನ್ನ ಹುಡುಗಿಗೆ ಇಷ್ಟು ದುಬಾರಿ ಉಂಗುರ ತೋರಿಸಿದರೆ ನೆಟ್ಟಗಾಗದು ಎಂದು ಗದರಿಸುತ್ತಾನೆ. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಸಣ್ಣ ಹುಡುಗನ ಗಾಬರಿ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ.

ಆ ಸ್ಟ್ಯಾನ್ಲಿ ಬೇರೆ ಯಾರೂ ಅಲ್ಲ, ಸಿಲ್ವೆಸ್ಟರ್ ಸ್ಟಲೋನ್. ‘ರಾಕಿ’ ಬರಲು ಇನ್ನೂ ಎರಡು ವರ್ಷವಿತ್ತು, ಆತನ ಹೆಸರು ಕೇಳಿದವರೇ ಇರಲಿಲ್ಲ. ಚಿತ್ರ ‘ದಿ ಲಾರ್ಡ್ಸ್ ಆಫ್ ಫ್ಲಾಟ್‌ಬುಷ್’, ಬಿಡುಗಡೆಯಾದದ್ದು 1974ರಲ್ಲಿ, ಕಥೆ ನಡೆಯುವುದು 1958ರಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಫ್ಲಾಟ್‌ಬುಷ್ ಎಂಬ ಬಡಾವಣೆಯ ನಾಲ್ವರು ಹುಡುಗರು ಸ್ಟ್ಯಾನ್ಲಿ, ಚಿಕೊ, ಬುಚಿ ಮತ್ತು ವಿಂಪಿ. ತಲೆಗೆ ಎಣ್ಣೆ ಬಳಿದು ಬಾಚಿದ ಕ್ರಾಪು, ಕಪ್ಪು ಜಾಕೆಟ್, ಬಾಯಲ್ಲಿ ಸಿಗರೇಟು. ತರಗತಿಯಲ್ಲಿ ಮೇಷ್ಟ್ರಮ್ಮನನ್ನು ಗೋಳುಹೊಯ್ದುಕೊಳ್ಳುತ್ತಾರೆ, ಕಾರೊಂದನ್ನು ಕದಿಯುತ್ತಾರೆ, ಹೊಡೆದಾಡುತ್ತಾರೆ, ಉಳಿದ ಹೊತ್ತೆಲ್ಲ ಸೋಡಾ ಅಂಗಡಿಯಲ್ಲೋ ರಸ್ತೆಯ ಮೂಲೆಯಲ್ಲೋ ಸುಮ್ಮನೆ ಕಳೆಯುತ್ತಾರೆ. ಕಥೆ ಎಂದು ಹೇಳಿಕೊಳ್ಳಲು ಅಷ್ಟೇ. ಕೊನೆಯಲ್ಲಿ ಒಂದು ಮದುವೆ.

ನಿರ್ದೇಶಕರು ಇಬ್ಬರು, ಸ್ಟೀಫನ್ ವೆರೋನಾ ಮತ್ತು ಮಾರ್ಟಿನ್ ಡೇವಿಡ್‌ಸನ್. ಡೇವಿಡ್‌ಸನ್ ಬ್ರೂಕ್ಲಿನ್‌ನಲ್ಲೇ ಹುಟ್ಟಿದವರು. ದೊಡ್ಡ ಸ್ಟುಡಿಯೋ ಬೆನ್ನಿಗಿರಲಿಲ್ಲ, ಕೊಲಂಬಿಯಾ ಕಂಪನಿ ಹಂಚಿಕೆಗೆ ತೆಗೆದುಕೊಂಡದ್ದು ಆಮೇಲೆ. ಕೈಯಲ್ಲಿದ್ದ ಅಲ್ಪ ಹಣದಲ್ಲಿ, 16 ಎಂಎಂ ಕ್ಯಾಮೆರಾದಲ್ಲಿ, ನಿಜವಾದ ಬೀದಿಗಳಲ್ಲಿ ಚಿತ್ರ ತೆಗೆದರು. ಥಿಯೇಟರಿನ ಪರದೆಗಾಗಿ ಅದನ್ನು 35 ಎಂಎಂಗೆ ಹಿಗ್ಗಿಸಿದಾಗ ಚಿತ್ರದ ಮೈಯೆಲ್ಲ ಕಾಳುಕಾಳಾಯಿತು. ಮುಖಗಳ ಮೇಲೆ, ಗೋಡೆಗಳ ಮೇಲೆ, ಚಳಿಗಾಲದ ಬಿಳಿಚಿದ ಆಕಾಶದ ಮೇಲೆ ಆ ಕಾಳು ಸದಾ ಅಲುಗಾಡುತ್ತಿರುತ್ತದೆ. ತಾಂತ್ರಿಕವಾಗಿ ಅದು ಕೊರತೆಯೇ ಇರಬಹುದು. ನನ್ನ ಮಟ್ಟಿಗೆ ಚಿತ್ರದ ಅರ್ಧ ಜೀವ ಅದರಲ್ಲೇ ಇದೆ. ಈಗ ಹಳೆಯ ಚಿತ್ರಗಳನ್ನು ಡಿಜಿಟಲ್ ಮಾಡುವಾಗ ಆ ಕಾಳನ್ನು ಉಜ್ಜಿ ತೆಗೆದು ಮುಖಗಳನ್ನು ಮೇಣದಂತೆ ನುಣುಪು ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಐವತ್ತರ ದಶಕದ ಹುಡುಗರ ಬಂಡಾಯಕ್ಕೆ ಅದೇ ದಶಕದಲ್ಲಿ ದೊಡ್ಡ ಚಿತ್ರಗಳು ಬಂದಿದ್ದವು. 1953ರ ‘ದಿ ವೈಲ್ಡ್ ಒನ್’ನಲ್ಲಿ ಮಾರ್ಲನ್ ಬ್ರ್ಯಾಂಡೊ ಚರ್ಮದ ಜಾಕೆಟ್ಟಿಗೆ ಒಂದು ಗತ್ತು ತಂದುಕೊಟ್ಟ. 1955ರಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಬಂತು, ಅದೇ ವರ್ಷ ‘ರೆಬೆಲ್ ವಿದೌಟ್ ಎ ಕಾಸ್’. ಆ ಚಿತ್ರ ತೆರೆಕಾಣುವ ಮೊದಲೇ, ಸೆಪ್ಟೆಂಬರ್ 30ರಂದು, ಅದರ ನಾಯಕ ಜೇಮ್ಸ್ ಡೀನ್ ಕಾರು ಅಪಘಾತದಲ್ಲಿ ತೀರಿಕೊಂಡ. ಅವೆಲ್ಲ ದೊಡ್ಡವರು ಹುಡುಗರನ್ನು ಕಂಡು ಬೆದರಿ ಮಾಡಿದ ಚಿತ್ರಗಳು, ಒಂದೊಂದರಲ್ಲೂ ಎಚ್ಚರಿಕೆಯ ದನಿಯಿದೆ. ಫ್ಲಾಟ್‌ಬುಷ್‌ನ ಚಿತ್ರದಲ್ಲಿ ಆ ದನಿಯಿಲ್ಲ. ಇವರು ಸಮಾಜಕ್ಕೆ ಅಪಾಯವೆಂದು ಅದು ಹೇಳುವುದಿಲ್ಲ, ಇವರನ್ನು ಹೀಗೆ ಮಾಡಿದ ಅಪ್ಪ ಅಮ್ಮಂದಿರ ಮೇಲೂ ಬೆರಳು ತೋರಿಸುವುದಿಲ್ಲ. ಇವರ ಜೊತೆ ಮೂಲೆಯಲ್ಲಿ ನಿಂತು ಹರಟೆ ಹೊಡೆಯುತ್ತದೆ, ಅಷ್ಟೆ.

ಕಥೆಗೆ ಆರಿಸಿದ 1958ನೇ ಇಸವಿಯಲ್ಲೇ ಒಂದು ನೋವಿದೆ. ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಅಲ್ಲಿನವರಿಗೆ ಊರದೇವರ ಸಮಾನ. 1955ರಲ್ಲಿ ಅದು ವಿಶ್ವ ಸರಣಿ ಗೆದ್ದಾಗ ಬೀದಿಬೀದಿಯಲ್ಲಿ ಹಬ್ಬವಾಗಿತ್ತು. ಎರಡೇ ವರ್ಷಕ್ಕೆ, 1957ರ ಋತು ಮುಗಿದ ಮೇಲೆ, ಮಾಲೀಕರು ತಂಡವನ್ನು ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಹೋದರು. 1960ರಲ್ಲಿ ತಂಡದ ಎಬೆಟ್ಸ್ ಫೀಲ್ಡ್ ಮೈದಾನವನ್ನು ಒಡೆದುಹಾಕಿದರು, ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಹುಡುಗರ ಇನ್ನೊಬ್ಬ ಆರಾಧ್ಯದೈವ ಎಲ್ವಿಸ್ ಪ್ರೀಸ್ಲಿ 1958ರ ಮಾರ್ಚಿನಲ್ಲಿ ಸೈನ್ಯ ಸೇರಿದ, ಆ ಪ್ರಸಿದ್ಧ ಕ್ರಾಪಿಗೆ ಕತ್ತರಿ ಬಿತ್ತು. ನಮ್ಮ ನಾಲ್ವರು ಎದೆಯುಬ್ಬಿಸಿ ನಡೆಯುವ ಬೀದಿ ಆಗಲೇ ಬರಿದಾಗತೊಡಗಿತ್ತು, ಅವರಿಗೆ ಅದು ತಿಳಿದಿರಲಿಲ್ಲ. ಹದಿನಾರು ವರ್ಷದ ನಂತರ ಚಿತ್ರ ತೆರೆಗೆ ತಂದವರಿಗೆ ಚೆನ್ನಾಗಿ ತಿಳಿದಿತ್ತು.

ಬಂಡಾಯ ಎನ್ನುವುದಾದರೆ, ಈ ಚಿತ್ರದಲ್ಲಿ ನಿಜವಾಗಿ ದಿಟ್ಟೆಯಾಗಿ ಕಾಣುವವಳು ಫ್ರ್ಯಾನಿ. ಗಂಡುಹುಡುಗರ ಜಾಕೆಟ್ಟು, ಬೈಗುಳ, ಮೋಟಾರ್‌ಸೈಕಲ್ಲುಗಳಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. ಚಿಕೊ ಹೊಸದಾಗಿ ಬಂದ ಸ್ಥಿತಿವಂತರ ಮನೆಯ ಹುಡುಗಿ ಜೇನ್‌ಳ ಹಿಂದೆ ಬಿದ್ದು, ಅವಳೊಡನೆ ಎರಡು ಮಾತು ಸರಿಯಾಗಿ ಆಡಲು ಬಾರದೆ ಅವಳನ್ನು ಕಳೆದುಕೊಳ್ಳುತ್ತಾನೆ. ನಾಳೆ ಮತ್ತೆ ಬೀದಿಗೆ ಬಂದರೆ ಅವನ ಗೆಳೆಯರಂತೂ ಇದ್ದೇ ಇರುತ್ತಾರೆ. ಫ್ರ್ಯಾನಿಗೆ ಆ ಸೌಲಭ್ಯವಿಲ್ಲ. 1958ರ ಆ ಬಡಾವಣೆಯಲ್ಲಿ ಶಾಲೆ ಮುಗಿಸಿದ ಹುಡುಗಿಯ ಮುಂದಿದ್ದ ದಾರಿ ಬಹಳ ಕಿರಿದು, ಅದನ್ನು ಅರಿತೇ ಅವಳು ಬಸುರಿ ಎಂಬ ಆ ಸುಳ್ಳು ಹೇಳುತ್ತಾಳೆ. ಕೊನೆಗೆ ನಿಜ ಒಪ್ಪಿಕೊಳ್ಳುವವಳೂ ಅವಳೇ. ಸ್ಟ್ಯಾನ್ಲಿ ತಪ್ಪಿಸಿಕೊಂಡು ಓಡಬಹುದಿತ್ತು. ಓಡುವುದಿಲ್ಲ. ಇವರಿಬ್ಬರನ್ನೂ ಅಣಕಿಸದೆ, ಮೇಲೆತ್ತಿ ಹಾಡದೆ, ಹಾಗೆಯೇ ಕ್ಯಾಮೆರಾ ಮುಂದೆ ನಿಲ್ಲಿಸಿದ ಆ ಘಳಿಗೆಗಾಗಿ ನಾನು ಈ ಚಿತ್ರದ ಎಲ್ಲ ಒರಟುತನವನ್ನೂ ಮನ್ನಿಸುತ್ತೇನೆ.

ಒರಟುತನ ಸಾಕಷ್ಟಿದೆ. ದೃಶ್ಯದಿಂದ ದೃಶ್ಯಕ್ಕೆ ಕೊಂಡಿ ಸರಿಯಾಗಿ ಕೂಡುವುದಿಲ್ಲ. ಶಾಲಾ ಹುಡುಗರೆನ್ನುವವರೆಲ್ಲ ಇಪ್ಪತ್ತೈದರ ಆಸುಪಾಸಿನವರು, ಗಡ್ಡ ಹೆರೆದ ನೀಲಿ ಗುರುತು ಕೆನ್ನೆಯ ಮೇಲೆ ಕಾಣುತ್ತದೆ. ಆದರೆ ಮನೆಯ ತಾರಸಿಯ ಮೇಲೆ, ಪಾರಿವಾಳದ ಗೂಡಿನ ಬಳಿ ನಿಂತು ಸ್ಟ್ಯಾನ್ಲಿ ಗೆಳೆಯನಿಗೆ ತನ್ನ ಗುಟ್ಟು ಹೇಳುವ ದೃಶ್ಯವನ್ನು ನೋಡಿ. ಹಣವಿಲ್ಲದೆ, ಮನೆಬಿಟ್ಟು ಕದಲದೆ, ಮನಸ್ಸಿನಲ್ಲೇ ಬೇಕಾದ ದೇಶಕ್ಕೆ ಹೋಗಿಬರಬಹುದು ಎನ್ನುತ್ತಾನೆ. ಹೆಚ್ಚುವರಿ ಸಂಭಾಷಣೆ ಬರೆದವರೆಂದು ಶೀರ್ಷಿಕೆಯಲ್ಲಿ ಸ್ಟಲೋನ್ ಹೆಸರಿದೆ. ಆ ಮಾತುಗಳನ್ನು ಕೇಳಿದಾಗ, ಮುಂದೆ ‘ರಾಕಿ’ ಬರೆಯಲಿರುವ ಕೈ ಇದೇ ಎಂದು ಅನ್ನಿಸದಿರದು. ಬ್ರೂಕ್ಲಿನ್ನಿನ ತಾರಸಿಗಳ ಮೇಲೆ ಪಾರಿವಾಳ ಸಾಕಿ, ಸಂಜೆ ಉದ್ದನೆಯ ಕೋಲು ಬೀಸಿ ಹಿಂಡನ್ನು ಆಕಾಶಕ್ಕೆ ಎಬ್ಬಿಸುತ್ತಿದ್ದ ಆ ಹವ್ಯಾಸವೂ ಈಗ ಕೆಲವೇ ಮುದುಕರ ಕೈಯಲ್ಲಿ ಉಳಿದಿದೆ.

ಬುಚಿಯ ಪಾತ್ರ ಮಾಡಿದ ಹೆನ್ರಿ ವಿಂಕ್ಲರ್‌ನದು ಇನ್ನೊಂದು ಕಥೆ. ಬುದ್ಧಿವಂತ, ಆದರೆ ಗುಂಪಿನಲ್ಲಿ ಉಳಿಯಲು ಬುದ್ಧಿಯನ್ನು ತಮಾಷೆಯ ಹಿಂದೆ ಮುಚ್ಚಿಟ್ಟುಕೊಳ್ಳುವ ಹುಡುಗ. ಅದೇ 1974ರಲ್ಲಿ ಟಿ.ವಿ.ಯಲ್ಲಿ ಶುರುವಾದ ‘ಹ್ಯಾಪಿ ಡೇಸ್’ ಧಾರಾವಾಹಿಯಲ್ಲಿ ವಿಂಕ್ಲರ್ ಫಾಂಜಿ ಆಗಿ ಮನೆಮಾತಾದ. ಮೊದಮೊದಲು ಅವನಿಗೆ ಚರ್ಮದ ಜಾಕೆಟ್ ತೊಡಿಸಲು ಚಾನೆಲ್‌ನವರು ಹಿಂಜರಿದರು, ರೌಡಿಯಂತೆ ಕಂಡಾನೆಂಬ ಭಯ. ಮೋಟಾರ್‌ಸೈಕಲ್ ಜೊತೆಗಿದ್ದಾಗ ಮಾತ್ರ ತೊಡಬಹುದೆಂದು ಒಪ್ಪಿದರು. ಜನ ಆ ಜಾಕೆಟ್ಟನ್ನು ಎಷ್ಟು ಪ್ರೀತಿಸಿದರೆಂದರೆ 1980ರಲ್ಲಿ ಅದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ಐವತ್ತರ ದಶಕದ ನೆನಪು ಆ ಹೊತ್ತಿಗೆ ದೊಡ್ಡ ವ್ಯಾಪಾರವಾಗಿತ್ತು. 1978ರ ‘ಗ್ರೀಸ್’ ಚಿತ್ರದಲ್ಲಿ ಎಲ್ಲವೂ ಬಣ್ಣಬಣ್ಣ, ಎಲ್ಲರೂ ಹಾಡಿ ಕುಣಿಯುವವರೇ. ಅದನ್ನು ನಾನೂ ಸಂತೋಷದಿಂದ ನೋಡಿದ್ದೇನೆ. ಆದರೆ ಆ ಹೊಳಪು ಬಂದ ಮೇಲೆ ಫ್ಲಾಟ್‌ಬುಷ್‌ನ ಮಂಕು ಬೆಳಕಿನ ಹುಡುಗರನ್ನು ನೆನೆಸಿಕೊಳ್ಳುವವರು ಕಡಿಮೆಯಾದರು. ಇಂದು ಯಾರಾದರೂ ಈ ಚಿತ್ರದ ಹೆಸರೆತ್ತಿದರೆ ಅದು ಸ್ಟಲೋನ್‌ನ ಹಳೆಯ ಚಿತ್ರ ಎಂಬ ಕಾರಣಕ್ಕೆ ಮಾತ್ರ.

ನನಗೆ ಐವತ್ತರ ದಶಕವೇ ಮರಳಿ ಬರಲಿ ಎಂಬ ಆಸೆಯಿಲ್ಲ. ಫ್ರ್ಯಾನಿಯ ಪಾಡು ನೋಡಿದವರು ಅದನ್ನು ಬಯಸಲಾರರು. ಕಣ್ಮರೆಯಾಗುತ್ತಿದೆ ಎಂದು ನಾನು ಮರುಗುವುದು ಇಂಥ ಚಿತ್ರ ತೆಗೆಯುವ ಮನಸ್ಸಿಗಾಗಿ. ಹೆಸರಿಲ್ಲದ ನಟರು, ಸಾಲದ ಹಣ, ಗೊತ್ತಿರುವ ಬೀದಿ. ಎಲ್ಲಿಗೂ ಹೊರಡದ ಹುಡುಗರು ಏನೂ ಮಾಡದೆ ಕಳೆಯುವ ಮಧ್ಯಾಹ್ನಗಳನ್ನು ತಾಳ್ಮೆಯಿಂದ ನೋಡುವ ಕಣ್ಣು. ಈಗ ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ, ಖರ್ಚು ಇಳಿದಿದೆ, ಆದರೂ ತಾಳ್ಮೆ ಹೆಚ್ಚಿಲ್ಲ. ಮೊದಲ ಐದು ನಿಮಿಷದಲ್ಲಿ ಕೊಲೆಯೋ ರಹಸ್ಯವೋ ಇರದಿದ್ದರೆ ಹದಿಹರೆಯದವರ ಕಥೆಗೆ ಹಣ ಹೂಡುವವರು ಸಿಗುವುದು ಕಷ್ಟ.

ಫ್ಲಾಟ್‌ಬುಷ್ ಬದಲಾಗಿದೆ. ಸ್ಟ್ಯಾನ್ಲಿಯ, ಬುಚಿಯ ಮನೆಯವರಂಥ ಇಟಾಲಿಯನ್ ಮತ್ತು ಯಹೂದಿ ಮನೆತನಗಳು ಬಹುಪಾಲು ಬೇರೆಡೆ ಹೋದವು. ಹೈಟಿ, ಜಮೈಕಾ, ಟ್ರಿನಿಡಾಡ್‌ನಿಂದ ಬಂದವರು ಆ ಬೀದಿಗಳಿಗೆ ಹೊಸ ಉಸಿರು ಕೊಟ್ಟರು. ಫ್ಲಾಟ್‌ಬುಷ್ ಅವೆನ್ಯೂನಲ್ಲಿ ಡಾಲರ್ ವ್ಯಾನ್ ಎಂಬ ಬಾಡಿಗೆ ವ್ಯಾನುಗಳು ಹಾರನ್ ಹೊಡೆದು ಜನರನ್ನು ಕರೆಯುತ್ತವೆ, ಅಂಗಡಿಗಳಿಂದ ರೆಗ್ಗೆ, ಸೋಕಾ ಸಂಗೀತ ಕೇಳಿಸುತ್ತದೆ. 1929ರಲ್ಲಿ ಅರಮನೆಯಂತೆ ಕಟ್ಟಿದ ಕಿಂಗ್ಸ್ ಥಿಯೇಟರ್ 1977ರಲ್ಲಿ ಬಾಗಿಲು ಹಾಕಿ, ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಪಾಳುಬಿದ್ದಿದ್ದು, 2015ರಲ್ಲಿ ಮತ್ತೆ ತೆರೆಯಿತು. ಈಗ ಅಲ್ಲಿ ನಡೆಯುವುದು ಹೆಚ್ಚಾಗಿ ಸಂಗೀತ ಕಛೇರಿಗಳು. ಇತ್ತೀಚಿನ ವರ್ಷಗಳಲ್ಲಿ ಏರುತ್ತಿರುವ ಮನೆಬಾಡಿಗೆ ಈ ಕೆರಿಬಿಯನ್ ಕುಟುಂಬಗಳನ್ನೂ ಹೊರದಬ್ಬತೊಡಗಿದೆ. ಹೈಟಿಯಿಂದ ಬಂದ ಅಪ್ಪ ಅಮ್ಮನ ಜೊತೆ ಮನೆಯಲ್ಲಿ ಕ್ರಿಯೋಲ್ ಮಾತಾಡಿ, ಹೊರಗೆ ಬಂದು ಬ್ರೂಕ್ಲಿನ್ ಇಂಗ್ಲಿಷಿನಲ್ಲಿ ಜಗಳವಾಡುವ ಹುಡುಗರು ಈಗ ಆ ಮೂಲೆಗಳಲ್ಲಿ ನಿಂತಿದ್ದಾರೆ. ಅವರ ನಡುವೆಯೇ ಬೆಳೆದ ಯಾರಾದರೂ, ಸ್ವಲ್ಪವೇ ಹಣ ಹೊಂದಿಸಿಕೊಂಡು, ಅವರು ಚದುರಿಹೋಗುವ ಮೊದಲೇ ಅವರ ಚಿತ್ರ ತೆಗೆಯಲಿ ಎಂದು ಬಯಸುತ್ತೇನೆ. ವೆರೋನಾ ಮತ್ತು ಡೇವಿಡ್‌ಸನ್ ಆ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಅವರ ಹುಡುಗರು ಬೀದಿ ಬಿಟ್ಟು ಆಗಲೇ ಎಷ್ಟೋ ವರ್ಷ ಕಳೆದಿತ್ತು.