ಪಾಲಾದ ಮನೆ, ಪಾಲಾಗದ ದನಿ

ನಮ್ಮ ಹುಲಿಯೂರುದುರ್ಗದ ಬೆಟ್ಟವನ್ನು ನೋಡದವರಿಗೆ ಅದನ್ನು ವರ್ಣಿಸುವುದು ಕಷ್ಟವಲ್ಲ. ಉಂಡು ತೊಳೆದು ಬೋರಲು ಹಾಕಿದ ಬಟ್ಟಲಿನಂತೆ ಅದು ಊರ ಪಕ್ಕದಲ್ಲಿ ಕುಳಿತಿದೆ. ಅದರ ಮೇಲೆ ಕೆಂಪೇಗೌಡರ ಹೆಸರು ಹೇಳುವ ಕೋಟೆಯ ಗೋಡೆಗಳಿವೆ. ಆ ಗೋಡೆಗಳ ವಿಚಾರವಾಗಿ ಬರೆಯಲು ಇತಿಹಾಸದ ವಿದ್ಯಾರ್ಥಿ ಮಿತ್ರರಿದ್ದಾರೆ. ನಾನು ಬರೆಯಹೊರಟಿರುವುದು ಅದೇ ಬೆಟ್ಟದ ಕೆಳಗೆ, ನಮ್ಮ ಮನೆಯ ನಟ್ಟನಡುವೆ ಎದ್ದ ಇನ್ನೊಂದು ಗೋಡೆಯ ವಿಚಾರ. ಅದನ್ನು ಲೆಕ್ಕಿಸದೆ ದಾಟಿಹೋದ ಒಂದು ದನಿಯ ವಿಚಾರ.

ತಾತ 2022ರಲ್ಲಿ ತೀರಿಕೊಂಡರು. ವರ್ಷ ತುಂಬುತ್ತಲೇ ದೊಡ್ಡಪ್ಪನಿಗೂ ನಮ್ಮಪ್ಪನಿಗೂ ಪಾಲಾಯಿತು. ಹೊಲ, ಹಿತ್ತಾಳೆಯ ಹಂಡೆ, ಕೊನೆಗೆ ತಾತ ಕೂರುತ್ತಿದ್ದ ಜಗಲಿಯೂ ಎರಡಾದವು. ತೆಂಗಿನ ಮರಗಳು ಇಪ್ಪತ್ತೊಂದಿದ್ದುದರಿಂದ, ಆ ಹೆಚ್ಚಿನ ಒಂದು ಮರಕ್ಕಾಗಿ ಪಂಚಾಯಿತಿಗೆ ಕೂತ ಹಿರಿಯರು ಎರಡು ಸಂಜೆ ನಮ್ಮ ಮನೆಯ ಕಾಫಿ ಕುಡಿದರು. ಅಜ್ಜಿಗೂ ಪಾಲು ತಪ್ಪಲಿಲ್ಲ: ಒಂದು ತಿಂಗಳು ಆ ಮನೆ, ಒಂದು ತಿಂಗಳು ಈ ಮನೆ. ನಡುಮನೆಯಲ್ಲಿ ಇಟ್ಟಿಗೆಯ ಗೋಡೆ ಎದ್ದಿತು, ಮಾತು ನಿಂತಿತು. ಸ್ಪರ್ಧೆ ಮಾತ್ರ ನಿಲ್ಲಲಿಲ್ಲ. ದೊಡ್ಡಪ್ಪನ ಮನೆಗೆ 43 ಅಂಗುಲದ ಟಿ.ವಿ. ಬಂದ ವಾರವೇ ನಮ್ಮ ಮನೆಗೂ ಅದೇ ಕಂಪನಿಯ, ಅದೇ ಅಳತೆಯ ಟಿ.ವಿ. ಬಂದಿತು. ಈ ಹಠವೇ ಮುಂದಿನ ಕಥೆಗೆಲ್ಲ ಮೂಲ.

ಪಾಲುಪಾರೀಖತ್ತಿನಲ್ಲಿ ಬರೆಯದೆ ಉಳಿದ ಆಸ್ತಿಯೊಂದಿತ್ತು. ಅದು ನನ್ನ ಮೊಬೈಲಿನಲ್ಲಿತ್ತು. ತಾತ ತಮ್ಮ ಕಾಲಕ್ಕೆ 'ಕುರುಕ್ಷೇತ್ರ' ನಾಟಕದ ದುರ್ಯೋಧನ. ನಮ್ಮ ಸೀಮೆಯಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ರಾತ್ರಿಯಿಡೀ ಆ ನಾಟಕವಾಡುವ ಹುಚ್ಚು ಇನ್ನೂ ಬಿಟ್ಟಿಲ್ಲ. ಸಾಯುವ ಹಿಂದಿನ ವರ್ಷ ತಾತ ಜಗಲಿಯ ಮೇಲೆ ಕೂತು, ಮಂಡಿಯ ಮೇಲೆ ತಾಳ ಹಾಕಿಕೊಂಡು, ತಮ್ಮ ಪಾತ್ರವನ್ನು ಹನ್ನೊಂದು ನಿಮಿಷ ಹಾಡಿ ಆಡಿದ್ದರು. ನಾನು ಚಿತ್ರೀಕರಿಸಿಕೊಂಡಿದ್ದೆ. ಆ ದನಿ ಲೋಕದಲ್ಲಿ ಇನ್ನೆಲ್ಲಿಯೂ ಇರಲಿಲ್ಲ. ಗಾಜು ಸೀಳಿದ, ಬ್ಯಾಟರಿ ಸೋತ ಆ ಮೊಬೈಲು ಕೈಜಾರಿ ಬಿದ್ದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತಿತ್ತು.

ಅಜ್ಜಿಗೆ ಕಣ್ಣು ಮಂಜು. ಅಂಗೈಯಗಲದ ಪರದೆಯಲ್ಲಿ ಗಂಡನ ಮುಖ ಅವರಿಗೆ ಕಾಣುವುದಿಲ್ಲ. ಟಿ.ವಿ.ಯಲ್ಲಿ ತೋರಿಸಬೇಕೆಂದು ನಾನು ಹೊರಟೆ. ಇದಕ್ಕೆ ತಂತಿ ಬೇಡ, ಪೇಟೆಯಿಂದ ಏನೂ ತರಬೇಕಾಗಿಲ್ಲ. ಮನೆಯಲ್ಲಿ ವೈಫೈ ರೂಟರೊಂದಿದ್ದರೆ ಸಾಕು. ರೂಟರು ಮನೆಯೊಳಗಿನ ಅಂಚೆಯವನಿದ್ದಂತೆ. ಮೊಬೈಲಿಗೆ ಒಂದು, ಟಿ.ವಿ.ಗೆ ಒಂದು ಹೀಗೆ ಮನೆಯ ಸಾಧನಗಳಿಗೆಲ್ಲ ನಂಬರು ಕೊಡುತ್ತದೆ. ಬಹುಮಟ್ಟಿಗೆ ಅವು 192.168 ಎಂದು ಆರಂಭವಾಗುತ್ತವೆ. ನಮ್ಮ ಮನೆಯ ನಂಬರೇ ಕುಣಿಗಲ್ಲಿನ ಇನ್ನೊಂದು ಮನೆಯಲ್ಲೂ ಇರಬಹುದು. ಅವು ಮನೆಯೊಳಗಿನ ಬಳಕೆಗೆಂದೇ ಮೀಸಲು, ಹೊಸ್ತಿಲು ದಾಟುವುದಿಲ್ಲ. ಮೊಬೈಲಿನಲ್ಲಿ ಚಿತ್ರ ಹಂಚುವ ಒಂದು ಆ್ಯಪ್ ತೆರೆದರೆ, "ಚಿತ್ರ ತೋರಿಸಬಲ್ಲವರು ಯಾರಿದ್ದೀರಿ?" ಎಂದು ಅದು ಕೂಗುತ್ತದೆ, ಟಿ.ವಿ. "ನಾನಿದ್ದೇನೆ" ಎನ್ನುತ್ತದೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಹೀಗೆ ಒಂದನ್ನೊಂದು ಅರಿಯಲೆಂದು ಸೋನಿ, ಇಂಟೆಲ್ ಮೊದಲಾದವು ಸೇರಿ 2003ರಲ್ಲಿ ಒಂದು ಕೂಟ ಕಟ್ಟಿದವು. ಡಿ.ಎಲ್.ಎನ್.ಎ. ಎಂದು ಹೆಸರಾದ ಆ ಕೂಟ 2017ರಲ್ಲಿ ಮುಚ್ಚಿಹೋಯಿತು. ಕಟ್ಟಿದವರು ಹೋದರೂ ಅವರು ಹಾಕಿಕೊಟ್ಟ ಪದ್ಧತಿ ಇಂದಿಗೂ ಅನೇಕ ಟಿ.ವಿ.ಗಳಲ್ಲಿ ಉಳಿದಿದೆ.

ಮನೆಯಿಂದ ನಿಸ್ತಂತುವಾಗಿ ದನಿ ಹರಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ನಡೆದು ಬಂದದ್ದು ಅಲ್ಲಿಂದಲೇ. ಅವರದು ಊರಿಗೆಲ್ಲ ಕೇಳಲೆಂದು ಹೊರಟ ದನಿ. ನನಗೆ ಬೇಕಾಗಿದ್ದುದು ಅಜ್ಜಿಯೊಬ್ಬರಿಗೆ ಕೇಳುವಷ್ಟು.

ಇಲ್ಲಿ ನನ್ನ ಒಂದು ಕಳ್ಳತನವನ್ನು ಒಪ್ಪಿಕೊಳ್ಳಬೇಕು. ದೊಡ್ಡಪ್ಪನ ಮಗನಿಗೂ ನನಗೂ ಜಗಳವಿರಲಿಲ್ಲ. ನಮ್ಮ ವೈಫೈಯ ಗುಪ್ತಪದವನ್ನು ಅಪ್ಪನಿಗೆ ತಿಳಿಯದಂತೆ ಅವನಿಗೆ ಕೊಟ್ಟಿದ್ದೆ. 5 ಗಿಗಾಹರ್ಟ್ಸ್ ಅಲೆ ಇಟ್ಟಿಗೆ ಗೋಡೆಗೆ ಬೇಗ ಸೋಲುತ್ತದೆ, 2.4ರದು ಅಷ್ಟಾಗಿ ಸೋಲದೆ ಆಚೆ ತಲಪುತ್ತದೆ. ಹೀಗಾಗಿ ಅವರ ಟಿ.ವಿ.ಯೂ ನಮ್ಮ ರೂಟರಿನ ಕುಟುಂಬಕ್ಕೆ ಸೇರಿತ್ತು. ಮೊದಲ ಸಲ ಹಂಚಿದಾಗ ಮೊಬೈಲಿನಲ್ಲಿದ್ದ ಸಮಸ್ತವನ್ನೂ ತೆರೆದಿಟ್ಟುಬಿಟ್ಟೆ. ನನ್ನ ಆಂತರಿಕ ಪರೀಕ್ಷೆಯ ಅಂಕಪಟ್ಟಿಯನ್ನು ಅವನು 43 ಅಂಗುಲದಲ್ಲಿ ಕಂಡು ಆನಂದಿಸಿದ. ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಬೇರೆ ಬೀಗವಿಲ್ಲ; ಅದೇ ವೈಫೈಯಲ್ಲಿರುವವರಿಗೆಲ್ಲ ಕಾಣುತ್ತದೆ. ಅಂದಿನಿಂದ 'ತಾತ' ಎಂಬ ಒಂದು ಫೋಲ್ಡರು ಮಾಡಿ, ಅದನ್ನಷ್ಟೇ ಹಂಚುತ್ತಿದ್ದೆ. ವಾಚಕ ಮಿತ್ರರೂ ಹಾಗೆಯೇ ಮಾಡುವುದು ಕ್ಷೇಮ.

2024ರ ಆಷಾಢದ ಒಂದು ಸಂಜೆ. ಬೀದಿಯಲ್ಲಿ ಚರಂಡಿ ತೋಡುವಾಗ ಇಂಟರ್‌ನೆಟ್ಟಿನ ತಂತಿ ತುಂಡಾಗಿ ಮೂರು ದಿನವಾಗಿತ್ತು. ಹೊರಗಿನ ತಂತಿ ಕಡಿದರೂ ಮನೆಯೊಳಗಿನ ಹಾದಿ ಕಡಿಯುವುದಿಲ್ಲ. ಮೊಬೈಲಿನಿಂದ ರೂಟರಿಗೆ, ರೂಟರಿನಿಂದ ಟಿ.ವಿ.ಗೆ, ಅಷ್ಟೇ ದೂರ. ಅಜ್ಜಿಯನ್ನು ಟಿ.ವಿ. ಮುಂದೆ ಕೂರಿಸಿದೆ. ಪಟ್ಟಿಯಲ್ಲಿ ಎರಡು ಟಿ.ವಿ.ಗಳು ಕಂಡವು; ಕಂಪನಿ ಒಂದೇ, ಹೆಸರೂ ಒಂದೇ. ಒಂದನ್ನು ಒತ್ತಿದೆ. ನಮ್ಮ ಪರದೆ ಕಪ್ಪಗೇ ಇತ್ತು.

ಗೋಡೆಯಾಚೆ ದುರ್ಯೋಧನ ಗರ್ಜಿಸಿದ.

"ಯಾರ್ಲಾ ಅದು? ನಿಮ್ ತಾತ ಅಲ್ವೇನ್ಲಾ?" ಎಂದು ಅಜ್ಜಿ ನೆಟ್ಟಗೆ ಕೂತರು. ಒಳಗಿನಿಂದ ಅಪ್ಪ ಬಂದು ನಿಂತರು. ದಾಯಾದಿಗಳಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆನ್ನುವ ಭಾಗವೇ ನಡೆಯುತ್ತಿತ್ತು. ನಾನು ಗಾಬರಿಯಿಂದ ನಿಲ್ಲಿಸಹೋದೆ. ಅಪ್ಪ ನನ್ನ ಕೈ ಹಿಡಿದು, "ಬುಡು, ಮುಗೀಲಿ" ಎಂದರು. ಆಚೆ ಯಾರೋ ದನಿಯನ್ನು ತಗ್ಗಿಸಲಿಲ್ಲ, ಏರಿಸಿದರು. ಹನ್ನೊಂದು ನಿಮಿಷ ನಾವು ಮೂವರೂ ಆ ಬೋಳು ಗೋಡೆಯನ್ನೇ ನೋಡುತ್ತ ಕೂತಿದ್ದೆವು.

ಆಮೇಲೆ ದೊಡ್ಡಪ್ಪ ನಮ್ಮ ಪಾಲಿನ ಜಗಲಿಯನ್ನು ಹತ್ತಿದರು. ಪಾಲಾದ ಮೇಲೆ ಅದೇ ಮೊದಲು. ಅಪ್ಪನನ್ನು ನೋಡದೆ ನನ್ನನ್ನು ಕೇಳಿದರು: "ಅದು ಈಗ ನಮ್ ಟಿ.ವಿ.ಯಾಗೈತಾ ಮಗ?" ಇಲ್ಲವೆಂದೆ. ಹೀಗೆ ಹಂಚಿದ್ದು ತೋರಿಸಿದಂತೆ ಅಷ್ಟೆ, ಕೊಟ್ಟಂತಲ್ಲ. ನನ್ನ ಮೊಬೈಲು ಆರಿದರೆ ಅಲ್ಲೇನೂ ಉಳಿಯುವುದಿಲ್ಲವೆಂದು ವಿವರಿಸಿದೆ. ಅವರ ಮುಖ ಬಾಡಿತು. "ಹಂಗಾರೆ ನಂಗೂ ಒಂದು ಹಾಕ್ಕೊಡು" ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ತುಸು ಹೊತ್ತು ಸುಮ್ಮನಿದ್ದು, "ಕೊಡು. ಅದ್ರಲ್ಲಿ ಪಾಲೇನ್ ಬಂತು?" ಎಂದರು.

1.4 ಗಿಗಾಬೈಟಿನ ಆ ಕಡತ ಅದೇ ವೈಫೈಯ ಮೂಲಕ ಅಣ್ಣನ ಮೊಬೈಲಿಗೆ ಇಳಿಯಲು ಐದಾರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಹಂಡೆಯನ್ನು ಕೊಟ್ಟರೆ ಕೊಟ್ಟವನಿಗೆ ಹಂಡೆಯಿಲ್ಲ. ಜಗಲಿಯನ್ನು ಹಂಚಿದರೆ ಇಬ್ಬರಿಗೂ ಅರ್ಧರ್ಧ. ತಾತನ ದನಿಯಾದರೋ ಅವರಿಗೂ ಪೂರ್ತಿ ಸಿಕ್ಕಿತು, ನಮಗೂ ಪೂರ್ತಿ ಉಳಿಯಿತು. ನನ್ನ ಎದೆಯೂ ಹಗುರಾಯಿತು: ಒಂದು ಮೊಬೈಲು ಒಡೆದರೆ ತಾತ ಇನ್ನೊಮ್ಮೆ ಸಾಯುವ ಭಯ ತಪ್ಪಿತು.

ಗೋಡೆ ಬಿದ್ದಿತೇ ಎಂದು ಕೇಳಬೇಡಿ. ಅದು ಗಟ್ಟಿಯಾಗಿಯೇ ಇದೆ. ಇಪ್ಪತ್ತೊಂದನೆಯ ತೆಂಗಿನ ಮರವೂ ಇತ್ಯರ್ಥವಾಗಿಲ್ಲ. ಆದರೆ ವೈಫೈಯ ಗುಪ್ತಪದ ಈಗ ಅಪ್ಪನಿಂದ ಗುಪ್ತವಾಗಿಲ್ಲ. ತಿಂಗಳ ಬಿಲ್ಲಿನಲ್ಲಿ ಅರ್ಧವನ್ನು ದೊಡ್ಡಪ್ಪ ಅಜ್ಜಿಯ ಕೈಯಲ್ಲಿ ಕಳಿಸುತ್ತಾರೆ. ಅಜ್ಜಿ ಯಾವ ಮನೆಯಲ್ಲಿದ್ದರೂ ಆ ಮನೆಯ ಟಿ.ವಿ.ಯಲ್ಲಿ ಸಂಜೆ ದುರ್ಯೋಧನ ಬರುತ್ತಾನೆ. ಇನ್ನೊಂದು ಮನೆಯವರು ಆಗ ತಮ್ಮ ಟಿ.ವಿ.ಯ ದನಿಯನ್ನು ತಗ್ಗಿಸಿ, ಗೋಡೆಗೆ ಕಿವಿಗೊಟ್ಟಿರುತ್ತಾರೆ.