ಖುಲ್ತಾಬಾದಿನಲ್ಲಿ ಕೇಳಿದ್ದು

ಖುಲ್ತಾಬಾದ್ ಎಂದರೆ ಔರಂಗಜೇಬನ ಗೋರಿಯಿರುವ ಊರು. ಇಷ್ಟನ್ನು ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಕರೂ ಬಲ್ಲರು. ವೇರೂಳದ ಗುಹೆಗಳನ್ನು ಕಾಣಲು ಹೊರಟ ಪ್ರವಾಸಿಗರು ಛತ್ರಪತಿ ಸಂಭಾಜಿನಗರವನ್ನು ಬಿಟ್ಟು, ದೌಲತಾಬಾದಿನ ಕೋಟೆಯನ್ನು ಹಾದು, ಘಟ್ಟವನ್ನೇರಿ ಈ ಊರಿಗೆ ಬರುತ್ತಾರೆ. ಗೋರಿಯ ಮುಂದೆ ಐದು ನಿಮಿಷ ನಿಂತು ಮುಂದೆ ಸಾಗುತ್ತಾರೆ. ಕಳೆದ ರಜೆಯಲ್ಲಿ ನಾನು ಅಲ್ಲಿ ಮೂರು ದಿನ ತಂಗಿದ್ದೆ. ಅದಕ್ಕೆ ಕಾರಣ ಚರಿತ್ರೆಯಲ್ಲ, ಸಂಗೀತ. ಗೋರಿಗಳ ಊರಿನಲ್ಲಿ ಸಂಗೀತವೆಲ್ಲಿಯದು ಎಂದು ನೀವು ನಕ್ಕರೆ ನಗಬಹುದು. ಆದರೆ ಒಂದಿಷ್ಟು ತಾಳ್ಮೆಯಿಂದ ಕೇಳಿ.

ಇದರ ಮೂಲ ನಮ್ಮ ತರಗತಿಯಲ್ಲಿಯೇ ಇದೆ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಒಂದು ದಿನ ಮಧ್ಯಾಹ್ನ ಐರ್ಲೆಂಡ್ ದೇಶದ ಹಾರ್ಪ್ ವಾದ್ಯದ ಒಂದು ಹಳೆಯ ಧಾಟಿಯನ್ನು ನನಗೆ ಕೇಳಿಸಿ, “ಸರ್, ಇದು ನಮ್ಮ ಅಜ್ಜಿಯ ಹಾಡಿನ ಹಾಗೆ ಯಾಕೆ ಕೇಳಿಸುತ್ತದೆ?” ಎಂದು ಪ್ರಶ್ನಿಸಿದಳು. ಅದಕ್ಕೆ ಉತ್ತರ ಕೊಡುವಷ್ಟು ಸಂಗೀತ ನನಗೆ ಬಾರದು. ಆದರೆ ಅವಳ ಪ್ರಶ್ನೆಯ ಬೆನ್ನುಹತ್ತಿ ಕೆಲ್ಟಿಕ್ ಎಂದು ಕರೆಯಲಾಗುವ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೊದಲಾದ ನಾಡುಗಳ ಹಾಡುಗಳ ಕಥೆಯನ್ನು ಓದತೊಡಗಿದೆ. 1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಹಾರ್ಪ್ ವಾದಕರ ಒಂದು ಸಮ್ಮೇಳನವಾಯಿತು. ಊರೂರು ಅಲೆದು ಬದುಕುತ್ತಿದ್ದ ಆ ವಾದಕರಲ್ಲಿ ಹೆಚ್ಚಿನವರು ಅಂಧರು. ಅವರಲ್ಲಿ ಡೆನಿಸ್ ಹೆಂಪ್ಸನ್ ಎಂಬ ಮುದುಕನಿಗೆ ತೊಂಬತ್ತು ದಾಟಿತ್ತು. ಹಳೆಯ ಪದ್ಧತಿಯಂತೆ ಉಗುರಿನಿಂದ ತಂತಿ ಮೀಟುತ್ತಿದ್ದವನು ಆತನೊಬ್ಬನೇ. ಅವರ ಧಾಟಿಗಳನ್ನು ಬರೆದುಕೊಳ್ಳಲು ನೇಮಿಸಿದ್ದು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ತರುಣನನ್ನು. ಆ ತರುಣ ತನ್ನ ಮುಂದಿನ ಆಯುಷ್ಯವನ್ನೆಲ್ಲ ಈ ಕೆಲಸಕ್ಕೇ ತೊಡಗಿಸಿದನು. ಇಂದು ಜಗತ್ತಿನಾದ್ಯಂತ ತರುಣರು ಹೊಸದಾಗಿ ನುಡಿಸುವ ಎಷ್ಟೋ ಐರಿಷ್ ಧಾಟಿಗಳು ಅವನ ಬರವಣಿಗೆಯ ಮೂಲಕ ಉಳಿದುಬಂದವು. ಇದನ್ನು ಓದಿದ ಮೇಲೆ, ಹಾರ್ಪಿನ ನಾಡಿಗಂತೂ ಹೋಗಲಾರೆ, ನಮ್ಮ ಹತ್ತಿರದಲ್ಲಿ ಅಂಥದೇನಿದೆ ನೋಡೋಣ ಎಂಬ ಹಂಬಲ ನನಗೆ ಹುಟ್ಟಿತು.

ಖುಲ್ತಾಬಾದನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ದಿಲ್ಲಿಯ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯರಾದ ಬುರ್ಹಾನುದ್ದೀನ್ ಗರೀಬ್ ಎಂಬ ಸಂತರು ದಖ್ಖನಿಗೆ ಬಂದು ನೆಲೆಸಿ, 1337ರಲ್ಲಿ ಕಾಲವಾದ ಮೇಲೆ ಸಮಾಧಿಯಾದದ್ದು ಇಲ್ಲಿ. ಹಾಡು ಕೇಳುವುದು ದೇವರ ಕಡೆಗೆ ಒಂದು ದಾರಿ ಎಂದು ಅವರು ನಂಬಿದ್ದರು. ಸೂಫಿಗಳು ‘ಸಮಾ’ ಎಂದು ಕರೆಯುವ ಗಾನಗೋಷ್ಠಿಯಲ್ಲಿ ಅವರೂ ಅವರ ಶಿಷ್ಯರೂ ಮೈಮರೆತು ಕುಣಿಯುತ್ತಿದ್ದ ರೀತಿಗೆ ‘ಬುರ್ಹಾನಿ’ ಎಂಬ ಹೆಸರೇ ಬಿದ್ದಿತ್ತು. ಅಮೀರ್ ಖುಸ್ರೋವಿನ ಗೆಳೆಯನಾದ ಕವಿ ಅಮೀರ್ ಹಸನ್ ಇಲ್ಲಿಯೇ ಮಲಗಿದ್ದಾನೆ. ನಮ್ಮ ಕಲಬುರಗಿಯ ಖ್ವಾಜಾ ಬಂದೇನವಾಜರ ತಂದೆಯ ಗೋರಿಯೂ ಇಲ್ಲಿದೆ. ಮಗ ಕನ್ನಡ ನಾಡಿನಲ್ಲಿ, ತಂದೆ ಗೋದಾವರಿಯ ಆಚೆ ದಡದಲ್ಲಿ! ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಗಡಿಯಾಗಿ ಹೇಳುವ ಗೋದಾವರಿ ನಾಶಿಕದ ತ್ರ್ಯಂಬಕದಲ್ಲಿ ಹುಟ್ಟಿ ಇಲ್ಲಿಂದ ದಕ್ಷಿಣಕ್ಕೆ ಪೈಠಣದಲ್ಲಿ ಹರಿಯುತ್ತದೆ. ಘಟ್ಟದ ಕೆಳಗಿನ ವೇರೂಳದಲ್ಲಿ ಕೈಲಾಸ ದೇವಾಲಯವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಇತ್ತ ದೌಲತಾಬಾದ್ ಎಂದರೆ ಹಿಂದಿನ ದೇವಗಿರಿ. ಹದಿಮೂರನೆಯ ಶತಮಾನದಲ್ಲಿ ಯಾದವ ಸಿಂಘಣನ ಆಸ್ಥಾನದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದ ಸ್ಥಳ. ಹಿಂದೂಸ್ತಾನಿ ಸಂಗೀತಗಾರರೂ ಕರ್ನಾಟಕ ಸಂಗೀತಗಾರರೂ ಸಮಾನವಾಗಿ ತಲೆಬಾಗುವ ಈ ಗ್ರಂಥವನ್ನು ಬರೆದವನು ರಾಜನ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇಂಥ ನೆಲದಲ್ಲಿ ಔರಂಗಜೇಬನಿಗೂ ಜಾಗ ಸಿಕ್ಕಿತು. ಆತನು 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಬುರ್ಹಾನುದ್ದೀನರ ಶಿಷ್ಯರಾದ ಜೈನುದ್ದೀನರ ದರ್ಗಾದ ಅಂಗಳದಲ್ಲಿ ಹೂಳಿದರು. ಸಂಗೀತಗಾರರು ಸಂಗೀತದ ಚಟ್ಟವನ್ನು ಕಟ್ಟಿಕೊಂಡು ಅಳುತ್ತ ಬಂದರೆಂದೂ, ಅದನ್ನು ಆಳವಾಗಿ ಹೂಳಿರಿ ಎಂದು ಬಾದಶಹನು ಹೇಳಿದನೆಂದೂ ಒಂದು ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಇಟಲಿಯ ಪ್ರವಾಸಿ ಮನೂಚಿ ಇದನ್ನು ಬರೆದಿದ್ದಾನೆ. ಆದರೆ ಕ್ಯಾಥರೀನ್ ಸ್ಕೋಫೀಲ್ಡ್ ಎಂಬ ವಿದುಷಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಕಾಲದ ದಾಖಲೆಗಳನ್ನು ಪರೀಕ್ಷಿಸಿ, ಬಾದಶಹನು ತಾನು ಕೇಳುವುದನ್ನು ಬಿಟ್ಟನೇ ಹೊರತು ನಾಡಿನಲ್ಲಿ ಸಂಗೀತ ನಿಲ್ಲಲಿಲ್ಲವೆಂದು ತೋರಿಸಿದ್ದಾರೆ. ಅವನ ಆಳ್ವಿಕೆಯಲ್ಲಿಯೇ ಫಕೀರುಲ್ಲಾ ಎಂಬ ಸರದಾರ ‘ರಾಗದರ್ಪಣ’ವೆಂಬ ಪಾರಸಿ ಗ್ರಂಥವನ್ನು ರಚಿಸಿದನು. ಚಟ್ಟದ ಕಥೆ ಸೊಗಸಾಗಿದೆ, ನಿಜ. ಸೊಗಸಾದ ಕಥೆಗಳನ್ನು ಎರಡು ಸಲ ಪರೀಕ್ಷಿಸುವುದು ಒಳ್ಳೆಯದು.

ಗುರುವಾರ ಸಂಜೆ ಅಲ್ಲಿಯ ಒಂದು ಅಂಗಳದಲ್ಲಿ ಕವ್ವಾಲಿ ಕೇಳಿದೆ. ದೊಡ್ಡ ಮೇಳವೇನಲ್ಲ, ಒಂದು ಹಾರ್ಮೋನಿಯಂ, ಒಂದು ಢೋಲಕ್, ಮೂವರು ಹಾಡುಗಾರರು. ಎದುರಿಗೆ ಇಪ್ಪತ್ತು ಮಂದಿ ಕುಳಿತಿದ್ದರೆ ಹೆಚ್ಚು. ಮುಖ್ಯ ಹಾಡುಗಾರರು ಅರುವತ್ತು ದಾಟಿದವರು. ಅವರ ಧ್ವನಿ ಮೇಲಿನ ಷಡ್ಜದಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆ ಒಡೆದ ಧ್ವನಿಯಲ್ಲಿಯೇ ಒಂದು ಸಾಲನ್ನು ಹತ್ತು ಬಗೆಯಾಗಿ ತಿರುಗಿಸಿ ಹಾಡಿದಾಗ ನನ್ನ ಪಕ್ಕದಲ್ಲಿದ್ದ ಹಮಾಲನೊಬ್ಬನ ಕಣ್ಣು ತುಂಬಿ ಬಂತು. ಹಾಡು ಮುಗಿದ ಮೇಲೆ ಚಹದ ಅಂಗಡಿಯಲ್ಲಿ ಅವರೊಡನೆ ಮಾತಿಗೆ ಕುಳಿತೆ. ಅವರ ದಖನಿ ಮಾತು ಬಾಲ್ಯದಲ್ಲಿ ನಾನು ಕಲಬುರಗಿಯ ಕಡೆ ಕೇಳಿದ್ದೇ ಆದ್ದರಿಂದ ತೊಡಕಾಗಲಿಲ್ಲ.

“ಚಾಚಾ, ಈ ಹಾಡುಗಳನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ?” ಎಂದು ಕೇಳಿದೆ.

“ಮಾತು ಬರೆದಿದೆ ಮಾಸ್ತರ್ ಸಾಹೇಬ್. ಧಾಟಿಯನ್ನು ಹೇಗೆ ಬರೆಯುವುದು? ಅದು ಅಬ್ಬಾ ಕೊಟ್ಟದ್ದು, ಗಂಟಲಲ್ಲಿದೆ,” ಎಂದರು.

ಮಗನು ಮದುವೆಗಳಲ್ಲಿ ಹಾಡುತ್ತಾನಂತೆ. ಹಳೆಯ ಮಾತುಗಳಿಗೆ ಹೊಸ ಧಾಟಿ ಕೂಡಿಸಿ, ತಾನೇ ಮೊಬೈಲಿನಲ್ಲಿ ಮುದ್ರಿಸಿ ಜನರಿಗೆ ಕೇಳಿಸುತ್ತಾನಂತೆ. “ನಿಮಗೆ ಅದು ಒಪ್ಪಿಗೆಯೇ?” ಎಂದೆ. ಮುದುಕರು ಸ್ವಲ್ಪ ಹೊತ್ತು ಚಹದ ಬಟ್ಟಲನ್ನು ತಿರುಗಿಸುತ್ತಿದ್ದು, “ಒಪ್ಪಿಗೆಯಿಲ್ಲ. ಆದರೆ ಕೇಳುತ್ತೇನೆ,” ಎಂದರು. ಯಾವ ಕಂಪನಿಯ ಹಂಗೂ ಇಲ್ಲದೆ, ಸಂಜೆಯ ಸಂಪಾದನೆಯನ್ನು ಮೂರು ಪಾಲು ಮಾಡಿ ಹಂಚಿಕೊಳ್ಳುವ ಇಂಥ ಹಾಡುಗಾರರನ್ನು ಸ್ವತಂತ್ರ ಕಲಾವಿದರೆಂದು ಕರೆಯಬಹುದು. ಆ ಸ್ವಾತಂತ್ರ್ಯದ ಬೆಲೆಯೇನೆಂಬುದು ಅವರ ಸವೆದ ಚಪ್ಪಲಿಗಳನ್ನು ನೋಡಿದರೆ ತಿಳಿಯುತ್ತಿತ್ತು.

ಅಲ್ಲಿಂದ ಮರುದಿನ ಹತ್ತಿರದ ಹಳ್ಳಿಯೊಂದಕ್ಕೆ ಹೋದೆ. ಮದುವೆಯ ಮನೆಯಲ್ಲಿ ಅರಿಸಿನ ಬೀಸುವ ಶಾಸ್ತ್ರ ನಡೆದಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲಿಗೆ ಉಳಿದ ಕೆಲಸ ಇಷ್ಟೇ. ಐದಾರು ಮಂದಿ ಸ್ತ್ರೀಯರು ಸರದಿಯ ಮೇಲೆ ಗೂಟ ಹಿಡಿದು ಮರಾಠಿಯ ಓವಿಗಳನ್ನು ಹಾಡುತ್ತಿದ್ದರು: ತವರಿನ ಹಂಬಲ, ಅಣ್ಣನ ಬರವು, ಪಂಢರಪುರದ ವಿಠ್ಠಲ. ಭಾಷೆ ಬೇರೆಯಾದರೂ ನಮ್ಮ ಬೀಸುವ ಪದಗಳ ಸಂಸಾರವೇ ಅದು. ಈ ಓವಿಯ ಹಳಮೆಗೆ ಸಾಕ್ಷಿ ನಮ್ಮವನೇ ಒಬ್ಬ ಅರಸು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ದಾಖಲಿಸಿದ್ದಾನೆ. ವಿಜಾಪುರದ ಸೂಫಿಗಳಾದರೋ ಬೀಸುವ ಹೆಂಗಸರ ಬಾಯಲ್ಲಿ ನಿಲ್ಲಲೆಂದು ದಖನಿಯಲ್ಲಿ ‘ಚಕ್ಕೀನಾಮಾ’ಗಳನ್ನೇ ಕಟ್ಟಿದರು. ಸಂತನೂ ಅರಸನೂ ಬೀಸುವ ಕಲ್ಲಿಗೆ ಕಿವಿಗೊಟ್ಟಿದ್ದರು ಎಂದಾಯಿತು.

ಹೇಮಾ ರಾಯರ್ಕರ್ ಮತ್ತು ಗೀ ಪುವಾತ್ವಾಂ ಎಂಬ ಇಬ್ಬರು ವಿದ್ವಾಂಸರು ತಮ್ಮ ಸಂಗಡಿಗರೊಡನೆ ಮಹಾರಾಷ್ಟ್ರದ ಹಳ್ಳಿಗಳನ್ನು ಸುತ್ತಿ ಇಂಥ ಓವಿಗಳನ್ನು ಒಂದು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದರು. 2017ರಿಂದ ಅವು ‘ಪರಿ’ ಎಂಬ ಗ್ರಾಮೀಣ ಸಂಗ್ರಹಾಲಯದ ಮೂಲಕ, ಹಾಡಿದವರ ಹೆಸರು ಮತ್ತು ಊರುಗಳ ಸಹಿತ, ಎಲ್ಲರಿಗೂ ದೊರೆಯುತ್ತಿವೆ. ಬೀಡ್ ಜಿಲ್ಲೆಯ ಮಾಜಲಗಾವ್‌ನ ಭೀಮನಗರದ ಸ್ತ್ರೀಯರು ಅದೇ ಓವಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರನ್ನು ಹಾಡಿದ್ದೂ ಅದರಲ್ಲಿದೆ. ಹಳೆಯ ಕಲ್ಲಿನಲ್ಲಿ ಹೊಸ ಜೋಳ ಬೀಸುವುದು ಹೀಗೆ. ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಬಂಟಿಂಗನ ಮೊದಲ ಪುಸ್ತಕದಲ್ಲಿ ಧಾಟಿಯುಂಟು, ಹಾಡಿನ ಮಾತಿಲ್ಲ. ನಮ್ಮ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡದ ಭಾಗ್ಯ. ಆದರೆ ಅಲ್ಲಿ ಮಾತುಂಟು, ಧಾಟಿಯನ್ನು ಓದುಗನೇ ತನ್ನ ಮನೆಯಿಂದ ತರಬೇಕು. ತರಲು ಮನೆಯಲ್ಲಿ ಹಾಡುವವರಿದ್ದ ಕಾಲದ ಪುಸ್ತಕ ಅದು.

ಹಿಂದಿರುಗುವಾಗ ನೇರವಾಗಿ ಮನೆಗೆ ಬರದೆ ಅಕ್ಕಲಕೋಟೆಯ ಬಳಿಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯನ್ನು ನೋಡಲು ಹೋದೆ. ಆಕೆಗೆ ಎಂಬತ್ತನಾಲ್ಕು ವರ್ಷ. ಈಚೆಗೆ ಮಕ್ಕಳ ಹೆಸರನ್ನು ಅದಲುಬದಲು ಮಾಡುತ್ತಾಳೆ. ನನ್ನನ್ನು ನನ್ನ ತಂದೆಯೆಂದೇ ತಿಳಿದು ಮಾತನಾಡಿಸಿದಳು. “ಅತ್ತಿ, ಒಂದ್ ಬೀಸೂ ಪದ ಹೇಳು,” ಎಂದರೆ ಎರಡು ಸಾಲು ಹೇಳಿ ಮೂರನೆಯದಕ್ಕೆ ತಡವರಿಸಿ ನಿಂತುಬಿಟ್ಟಳು. ಮುಖದಲ್ಲಿ ಕತ್ತಲೆ ಕವಿಯಿತು. ಆಮೇಲೆ ತಾನಾಗಿಯೇ, “ಸುಮ್ನ ಕುಂತ್ರ ಹಾಡು ಬರಂಗಿಲ್ಲಪಾ. ಕೈ ತಿರಗಬೇಕು,” ಎಂದಳು.

ಹಿತ್ತಲಲ್ಲಿ ಬಿದ್ದಿದ್ದ ಕಲ್ಲನ್ನು ನಾನೂ ಆಕೆಯ ಮೊಮ್ಮಗನೂ ಎತ್ತಿ ಒಳಗೆ ತಂದು ತೊಳೆದೆವು. ಒಂದು ಹಿಡಿ ಜೋಳ ಹಾಕಿ ಆಕೆಯ ಕೈಯನ್ನು ಗೂಟದ ಮೇಲಿಟ್ಟೆವು. ಮೊದಲ ಸುತ್ತಿಗೆ ಏನೂ ಇಲ್ಲ. ಐದಾರು ಸುತ್ತು ತಿರುಗುವಷ್ಟರಲ್ಲಿ ನಿಂತುಹೋದ ಆ ಮೂರನೆಯ ಸಾಲು ಬಂದಿತು. ಅದರ ಬೆನ್ನಿಗೆ ಇನ್ನೊಂದು ತ್ರಿಪದಿ, ಮತ್ತೊಂದು. ನಾನು ಬರೆಯುತ್ತ ಹೋದೆ, ಮೊಮ್ಮಗನು ಮೊಬೈಲಿನಲ್ಲಿ ಧ್ವನಿ ಹಿಡಿದನು. ಹಾಡುವಷ್ಟು ಹೊತ್ತು ಆಕೆ ಯಾರ ಹೆಸರನ್ನೂ ತಪ್ಪಲಿಲ್ಲ. ನನ್ನ ಹೆಸರನ್ನೂ ಒಂದು ಪದದಲ್ಲಿ ಸೇರಿಸಿ ಹಾಡಿದಳು. ನಲವತ್ತಮೂರು ಪದಗಳಾದವು. ಅವುಗಳಲ್ಲಿ ಕೆಲವು ಮಾತುಗಳ ಅರ್ಥ ನನಗೆ ಇನ್ನೂ ಹತ್ತಿಲ್ಲ. ನಲವತ್ತನಾಲ್ಕನೆಯದರ ನಡುವೆ, ಎಷ್ಟೋ ವರ್ಷ ಮಳೆಯಲ್ಲಿ ನೆನೆದಿದ್ದ ಗೂಟ ಬುಡದಲ್ಲಿ ಮುರಿಯಿತು. ಹಾಡೂ ಅಲ್ಲಿಗೆ ನಿಂತಿತು.

ಊರಿನಲ್ಲಿ ಈಗ ಆ ಕೆಲಸ ಬಲ್ಲ ಬಡಿಗನಿಲ್ಲ. ಇಲ್ಲಿಯೇ ಒಬ್ಬ ಬಡಿಗನಿಂದ ಜಾಲಿಯ ಮರದ ಗೂಟವನ್ನು ಮಾಡಿಸಿಟ್ಟಿದ್ದೇನೆ. ದೀಪಾವಳಿಯ ರಜೆಗೆ ಹೋಗುವಾಗ ಅದನ್ನು ಒಯ್ಯಬೇಕು. ಆ ಒಂಬತ್ತನೆಯ ತರಗತಿಯ ಬಾಲಕಿಯೂ ತನ್ನ ತಾಯಿಯೊಡನೆ ಬರುತ್ತೇನೆಂದು ಹೇಳಿದ್ದಾಳೆ. ಅವಳಿಗೆ ಸ್ವರಲಿಪಿ ಬರೆಯಲು ಬರುತ್ತದೆ.